ಇಬ್ಬರು ಬೀರಪ್ಪರು, ಒಂದು ಕಲ್ಲು

ನಾನು ಮಾಡುತ್ತಿದ್ದ ಕೆಲಸಕ್ಕೆ ಹೆಸರಿರಲಿಲ್ಲ, ಸಂಬಳವೂ ಇರಲಿಲ್ಲ. ಹಳೆ ಬಾಗಲಕೋಟೆಯ ಒಂದು ಓಣಿಯಲ್ಲಿ ಸೈನಿಕರ ಮನೆಯವರಿಗೆ ನೆರವಾಗುವ ಸಣ್ಣ ಕಚೇರಿ ಇತ್ತು. ಎರಡು ಮೇಜು, ಒಂದು ಬೀರು, ಗೋಡೆಗೆ ಹತ್ತಿದ ಒಂದು ಉದ್ದನೆಯ ಬೆಂಚು. ಮಂಗಳವಾರ ಮತ್ತು ಶುಕ್ರವಾರ ಅಡಿಗೆ ಮುಗಿಸಿ, ಮಕ್ಕಳನ್ನು ಸಾಲಿಗೆ ಕಳಿಸಿ ನಾನು ಅಲ್ಲಿಗೆ ಹೋಗಿ ಕೂಡುತ್ತಿದ್ದೆ. ಹಳ್ಳಿಗಳಿಂದ ಬಂದ ತಾಯಂದಿರು, ಹೆಂಡಂದಿರು ಸೆರಗಿನ ಗಂಟು ಬಿಚ್ಚಿ ಕಾಗದ ಕೊಡುತ್ತಿದ್ದರು. ನಾನು ಓದಿ ಹೇಳಬೇಕು, ಅವರು ಹೇಳಿದ್ದನ್ನು ಬರೆಯಬೇಕು, ಇಂಗ್ಲಿಷಿನ ಅರ್ಜಿ ಇದ್ದರೆ ತುಂಬಿ ಕೊಡಬೇಕು. ಅವರ ಬಾಯಲ್ಲಿ ನಾನು ‘ಕಾಗದದ ಅಕ್ಕೋರು’.

ಎಪ್ಪತ್ತೊಂದರ ಯುದ್ಧ ಮುಗಿದ ಮರುವರ್ಷ ಹೋಗಲು ಶುರು ಮಾಡಿದವಳು ಎಂಬತ್ತರ ದಶಕ ಮುಗಿಯುವವರೆಗೂ ಹೋದೆ. ಈಗ ಆ ಓಣಿ ಅಣೆಕಟ್ಟಿನ ಹಿನ್ನೀರಿನ ಅಡಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವು ಕಟ್ಟೆಗಳು ಮೇಲೆ ಏಳುತ್ತವೆ. ಅವುಗಳಲ್ಲಿ ನಮ್ಮದು ಯಾವುದು ಎಂದು ಗುರುತಿಸಲು ಒಮ್ಮೆ ಹೋಗಿ ನಿಂತಿದ್ದೆ. ಗುರುತಾಗಲಿಲ್ಲ.

ಇಂಥ ಕೆಲಸಕ್ಕೆ ಈಗಲೂ ಹೆಣ್ಣುಮಕ್ಕಳು ಬರುತ್ತಿದ್ದಾರೆ ಎಂದು ಕೇಳಿದ್ದೇನೆ. ಕಾಗದ ಓದುವುದು ಹೋಯಿತು. ಗಡಿಯಿಂದಲೇ ಗಂಡ ಫೋನಿನಲ್ಲಿ ಮುಖ ತೋರಿಸುತ್ತಾನೆ. ಆದರೆ ಅರ್ಜಿ ಇದೆ, ವಿಳಾಸ ಬರೆಯುವುದು ಇದೆ. ಅವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸೈನಿಕ ಎಂದರೆ ಬಂದೂಕು ಹಿಡಿದವ ಎಂದೇ ನಾನೂ ತಿಳಿದಿದ್ದೆ. ಮೊದಲ ವಾರ ಬಾದಾಮಿಯ ಒಬ್ಬಾಕೆಯ ಅರ್ಜಿಯಲ್ಲಿ ಗಂಡನ ಕೆಲಸ ಎಂಬಲ್ಲಿ ‘ಸೋಲ್ಜರ್’ ಎಂದು ಗುಂಡಗೆ ಬರೆದು ಸುಬೇದಾರ್ ಸಾಹೇಬರ ಮುಂದಿಟ್ಟೆ. ಅವರು ಹುನಗುಂದದವರು, ನಿವೃತ್ತರಾಗಿ ಈ ಕಚೇರಿ ನೋಡಿಕೊಳ್ಳುತ್ತಿದ್ದರು. ದವಡೆಯಲ್ಲಿ ಸದಾ ಒಂದು ಲವಂಗ, ಕಿವಿಯ ಮೇಲೆ ಒಂದು ಕೆಂಪು ಪೆನ್ಸಿಲ್. ನಾನು ಬರೆದದ್ದಕ್ಕೆ ಕೆಂಪು ಗೆರೆ ಎಳೆದರು.

“ಬಾಯಾರ, ಎಲ್ಲಾರೂ ಬಂದೂಕ ಹಿಡಕೊಂಡ ಕುಂತ್ರ ಅನ್ನ ಕುದಸಾವ್ರ ಯಾರು? ಬೂಟ ಹೊಲ್ಯಾವ್ರ ಯಾರು? ಸತ್ತವ್ರ ಟ್ರಂಕ ಕಟ್ಟಿ ಮನಿಗೆ ಕಳಸಾವ್ರ ಯಾರು? ಏನ ಕೆಲಸ ಮಾಡ್ತಾನ ಅಂತ ಕೇಳ್ರಿ. ಕೆಲಸ ಗೊತ್ತಾತಂದ್ರ ಅಂವ ಹ್ಯಾಂಗ ಅದಾನ ಅನ್ನೂದು ಅರ್ಧಾ ಗೊತ್ತಾದ್ಹಂಗ.”

ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಗಂಡ ಲಂಗರಿನಲ್ಲಿ, ಅಂದರೆ ಪಲ್ಟನ್ನಿನ ಅಡಿಗೆಮನೆಯಲ್ಲಿ, ಅಡಿಗೆಯವನೆಂದು ಅವನ ಕಾಗದದಿಂದ ನಾನೇ ಓದಿ ಹೇಳಿದಾಗ ಆ ಹೆಣ್ಣುಮಗಳು ಬೆಂಚಿನಿಂದ ಎದ್ದೇಬಿಟ್ಟಳು.

“ಏನಂದ್ರಿ? ಮನ್ಯಾಗ ಒಂದ ಚರಿಗಿ ನೀರ ತುಂಬಕೊಳ್ಳಲಾರದ ಗಂಡಸು, ಅಲ್ಲಿ ನೂರ ಮಂದಿಗೆ ರೊಟ್ಟಿ ಮಾಡ್ತಾನ? ಬರ್ಲಿ ಈ ಸಲ ಸೂಟಿಗೆ!”

ಇಳಕಲ್ಲಿನ ನೇಕಾರರ ಮನೆಯ ಒಬ್ಬ ಹುಡುಗ ವಿಮಾನದಿಂದ ಹಾರುವವರ ಪ್ಯಾರಾಚೂಟ್ ಮಡಚುತ್ತಿದ್ದ. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ಒಂದೊಂದೇ ದಾರ ಬಿಡಿಸಿ ಮಡಚುವ ಕೆಲಸ. ಮಡಚಿದವನ ಹೆಸರಿನ ಚೀಟಿ ಒಳಗಿರುತ್ತದಂತೆ. ಒಮ್ಮೊಮ್ಮೆ ದೊಡ್ಡ ಅಧಿಕಾರಿ ಬಂದು, ‘ನೀನು ಮಡಚಿದ್ದನ್ನು ನೀನೇ ಕಟ್ಟಿಕೊಂಡು ಹಾರು’ ಎನ್ನುತ್ತಾನಂತೆ. ಅದನ್ನು ಕೇಳಿದ ಮೇಲೆ ಅವನ ತಾಯಿ ಸೀರೆಯ ಮಡಿಕೆ ಹಾಕುವುದನ್ನು ಬಿಟ್ಟಳು. ಸೊಸೆ ಹಾಕಿಕೊಡಬೇಕು.

ಚೊಳಚಗುಡ್ಡದ ಇನ್ನೊಬ್ಬ ಕಾಲಿಟ್ಟರೆ ಸಿಡಿಯುವ ಸುರಂಗದ ಗುಂಡುಗಳನ್ನು ನೆಲದಲ್ಲಿ ಹೂಳುವವ. ಅವನು ರಜೆಗೆ ಬಂದಾಗ ಒಂದು ಸಹಿಗಾಗಿ ಅವರ ಹೊಲಕ್ಕೆ ಹೋಗಿದ್ದೆ. ನಡು ಮಧ್ಯಾಹ್ನ. ಬದುವಿನ ಮೇಲೆ ಅವನು ಮುಂದೆ, ಹಿಂದೆ ಹೆಂಡತಿ, ಮಕ್ಕಳು, ಕಡೆಗೆ ಮುದುಕಿ. ಎಲ್ಲರೂ ಮಾತಿಲ್ಲದೆ ಅವನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ಬರುತ್ತಿದ್ದರು. ಅವರದೇ ಹೊಲ, ಅಜ್ಜನ ಕಾಲದ್ದು. ಹಿಂತಿರುಗುವಾಗ ನೋಡುತ್ತೇನೆ, ನಾನೂ ಹಾಗೇ ನಡೆಯುತ್ತಿದ್ದೇನೆ.

ಇವೆಲ್ಲ ಸಣ್ಣ ಮಾತು. ನಾನು ಹೇಳಬೇಕಾದದ್ದು ಇಬ್ಬರು ಬೀರಪ್ಪರ ಮಾತು.

ನಮ್ಮ ಭಾಗದಲ್ಲಿ ಬೀರಪ್ಪ ದೇವರಿಗೆ ನಡೆದುಕೊಳ್ಳುವ ಮನೆಗಳಲ್ಲಿ ಒಬ್ಬ ಮಗನಿಗಾದರೂ ಆ ಹೆಸರು ಇರುತ್ತದೆ. ಪೂಜೆಯ ಮನೆತನವಾದರೆ ಅಡ್ಡಹೆಸರು ಪೂಜಾರಿ. ನನ್ನ ವಹಿಯಲ್ಲಿ ಬೀರಪ್ಪ ಪೂಜಾರಿಗಳು ಇಬ್ಬರಿದ್ದರು. ಸುಬೇದಾರ್ ಸಾಹೇಬರು ಮೊದಲೇ ಎಚ್ಚರಿಸಿದ್ದರು: “ಹೆಸರ ನಂಬಬ್ಯಾಡ್ರಿ, ನಂಬರ ನೋಡ್ರಿ. ಒಂದ ಹೆಸರಿನವ್ರನ್ನ ಪಲ್ಟನ್ಯಾಗ ನಾವು ನಂಬರಿನ ಕಡೀ ಎರಡ ಅಂಕಿಲೇ ಕರೀತೇವಿ.”

ಒಬ್ಬ ಬೀರಪ್ಪ ಪಟ್ಟದಕಲ್ಲಿನವ. ಗುಡಿಗಳ ದುರಸ್ತಿಗೆ ಬಂದ ಗುಂಪಿನಲ್ಲಿ ಸಣ್ಣವನಿದ್ದಾಗಲೇ ಕೂಲಿಗೆ ಹೋಗಿ ಉಳಿ ಹಿಡಿಯುವುದನ್ನು ಕಲಿತಿದ್ದ. ಸೈನ್ಯದಲ್ಲಿ ಅವನಿಗೆ ಗೋಡೆ ಕಟ್ಟುವ ಗೌಂಡಿ ಕೆಲಸ ಸಿಕ್ಕಿತು, ಆಮೇಲೆ ಕಲ್ಲಿನ ಮೇಲೆ ಹೆಸರು ಕಡಿಯುವ ಕೆಲಸ. ಹೆಂಡತಿ ಶಾಂತವ್ವ ತಿಂಗಳಿಗೊಮ್ಮೆ ಬಾದಾಮಿಯ ಮೇಲೆ ಹಾಯ್ದು ಬಸ್ಸಿನಲ್ಲಿ ಬರುತ್ತಿದ್ದಳು. ಬೆವರಿದರೂ ಕುಂಕುಮ ಅಳಿಸದಂತೆ ಹಣೆಯನ್ನು ಸೆರಗಿನ ಚುಂಗಿನಿಂದ ಒತ್ತಿಕೊಳ್ಳುವುದು ಅವಳ ರೂಢಿ.

ಇನ್ನೊಬ್ಬ ಬೀರಪ್ಪ ಹುನಗುಂದದ ಕಡೆ ಕುರಿ ಕಾಯ್ದು ಬೆಳೆದವ. ಅವನನ್ನು ಗಡಿಯ ಗುಡ್ಡಗಳಲ್ಲಿ ಹೇಸರಗತ್ತೆ ನಡೆಸಲು ಹಾಕಿದ್ದರು. ಬೆನ್ನ ಮೇಲೆ ಸಾಮಾನು ಹೇರಿದ ಹೇಸರಗತ್ತೆಯ ಹಗ್ಗ ಹಿಡಿದು, ವಾಹನ ಹೋಗದ ಕಡೆ ಮೇಲೆ ಹತ್ತುವ ಕೆಲಸ. ತಾಯಿ ಯಮನವ್ವ ಗಂಡ ತೀರಿಕೊಂಡ ಮೇಲೆ ಶಿರೂರಿನಲ್ಲಿ ತಮ್ಮನ ಮನೆಗೆ ಬಂದು ಇದ್ದಳು. ಬಂದ ಹೊಸದರಲ್ಲಿ ಮಗನ ಕಾಗದಪತ್ರದಲ್ಲಿ ತನ್ನ ವಿಳಾಸ ಬದಲಿಸಬೇಕೆಂದು ನನ್ನ ಬಳಿ ಬಂದಳು. ಆ ಅರ್ಜಿ ತುಂಬಿದವಳು ನಾನು.

ಅವನ ಮೊದಲ ಕಾಗದ ಬಂದ ದಿನ ನೆನಪಿದೆ. ಸಾವಿನ ಸುದ್ದಿಯ ಕಾಗದದ ಮೂಲೆ ಹರಿದು ಕಳಿಸುವ ರೂಢಿ ಆಗ ಕೆಲವು ಕಡೆ ಇತ್ತು. ಯಮನವ್ವ ತಂದ ಕಾಗದಕ್ಕೆ ಒಂದು ಮೂಲೆ ಇರಲಿಲ್ಲ. ಅವಳು ಬಾಗಿಲಲ್ಲೇ ಕುಸಿದು, “ನನ್ನ ಬೀರಾ, ನನ್ನ ಹುಲಿಯಾ” ಎಂದು ಹಾಡಿ ಅಳತೊಡಗಿದಳು. ಬೆಂಚಿನ ಮೇಲಿದ್ದ ಹೆಂಗಸರೂ ದನಿಗೂಡಿಸಿದರು. ನಾನು ಬಿಚ್ಚಿ ಓದಿದರೆ ಮೊದಲ ಸಾಲೇ ಹೀಗಿತ್ತು: “ಅವ್ವಾ, ಹೆದರಬ್ಯಾಡ. ಮೂಲಿ ನನ್ನ ಹೇಸರಗತ್ತಿ ತಿಂದೈತಿ. ಬರಿಯಾಕ ಬೇರೆ ಹಾಳಿ ಇಲ್ಲ.”

ಅಳು ನಿಲ್ಲಲು ಹೊತ್ತು ಹಿಡಿಯಿತು, ಆಮೇಲೆ ನಗೆ ನಿಲ್ಲಲು ಇನ್ನೂ ಹೊತ್ತು ಹಿಡಿಯಿತು. “ಸುಡಗಾಡ ಕತ್ತಿ! ಅದಕ್ಕ ಹಸಿವಿ, ನನಗ ಜೀವಾ ಹೋಗೂದು” ಎಂದು ಯಮನವ್ವ ಮೂಗು ಒರೆಸಿಕೊಂಡಳು. ನಾನು ಆ ಮೂಲೆಯನ್ನು ಸರಿಯಾಗಿ ನೋಡಿದ್ದೆ. ಅರ್ಧ ಚಂದ್ರದ ಹಾಗೆ ಕಚ್ಚಿದ ಗುರುತು, ಅಂಚಿಗೆ ಹುಲ್ಲಿನ ಹಸಿರು ಕಲೆ.

ಮುಂದಿನ ವರ್ಷದ ಶಿವರಾತ್ರಿ ಕಳೆಯಿತು. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎನ್ನುತ್ತೇವಲ್ಲ, ಬಾಗಲಕೋಟೆಯಲ್ಲಿ ಅದು ಸುಳ್ಳಾದದ್ದೇ ಇಲ್ಲ. ಅದಾದ ಹತ್ತು ಹನ್ನೆರಡು ದಿನಕ್ಕೆ ಯಮನವ್ವ ಬಂದಳು. ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿದೆ, ಅವಳ ಮೈಮೇಲೆ ಕರಿ ಕಂಬಳಿ.

“ಜ್ವರ ಬಂದಾವೇನು ಯಮನವ್ವ?”

“ಇಲ್ರಿ ಅಕ್ಕೋರ. ಥಂಡಿ ಹತ್ತೇತಿ. ದವಾಖಾನ್ಯಾಗ ನೋಡಿದ್ರು, ಜ್ವರಾ ಇಲ್ಲ ಅಂದ್ರು. ಎಲಬಿನ ಒಳಗ ಥಂಡಿ.”

ಅವಳ ಕೈ ಹಿಡಿದು ನೋಡಿದೆ. ಬಾವಿಯಿಂದ ಆಗ ಸೇದಿದ ಕೊಡದ ಹಾಗಿತ್ತು.

ಮಗನ ಕಾಗದ ಬಂದು ಬಹಳ ದಿನವಾಗಿತ್ತು. ಅವಳು ಹೇಳಿದಳು, ನಾನು ಬರೆದೆ: “ಬೀರಾ, ಕಂಬಳಿ ಹೊಚ್ಚಿಕೋ. ಕಾಲು ಹೊರಗ ಬಿಡಬ್ಯಾಡ.” ಏಪ್ರಿಲಿನಲ್ಲಿ ಮತ್ತೆ ಬಂದಳು, ಮತ್ತೆ ಕಂಬಳಿ. “ಬೀರಾ, ನಿನ್ನ ಮ್ಯಾಲ ಭಾಳ ಭಾರ ಬಿದ್ದೈತಿ, ನನಗ ತಿಳೀತೈತಿ. ಸಾವಕಾಶ ಉಸರಾಡು.” ಹೊರೆ ಹೊರುವ ಕೆಲಸವಲ್ಲವೇ, ಅದಕ್ಕೇ ಹೇಳುತ್ತಿದ್ದಾಳೆ ಎಂದುಕೊಂಡು ಬರೆದೆ. ಮೇ ತಿಂಗಳು, ಬೆಂಚಿನ ಹೆಂಗಸರೆಲ್ಲ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ, ಯಮನವ್ವನ ಹಲ್ಲು ಕಟಕಟ ಎನ್ನುತ್ತಿವೆ. ಪಕ್ಕದಲ್ಲಿದ್ದವಳು ಅವಳನ್ನು ಮುಟ್ಟಿ ಬೆಂಚಿನ ಆ ತುದಿಗೆ ಸರಿದಳು. ಆ ದಿನದ ಕಾಗದದಲ್ಲಿ ಒಂದೇ ಮಾತು: “ಬೀರಾ, ನೀ ಎಲ್ಲಿದ್ದೀ ಅಂತ ಹೇಳಪಾ, ಸಾಕು.”

ಮೂರೂ ಕಾಗದಗಳಿಗೆ ಲಕೋಟೆ ಅಂಟಿಸಿ ಅವನ ನಂಬರು ಬರೆದವಳು ನಾನೇ. ಕೊನೆಯ ಎರಡು ಅಂಕಿ ಒಂಬತ್ತು, ನಾಲ್ಕು. ಕೈಗೇ ರೂಢಿಯಾಗಿತ್ತು.

ಕಾರಹುಣ್ಣಿಮೆ ಹತ್ತಿರ ಬಂದಾಗ ಒಂದು ಶುಕ್ರವಾರ ಪಟ್ಟದಕಲ್ಲಿನ ಶಾಂತವ್ವ ಬಂದಳು. ಮುಖ ಅರಳಿತ್ತು. ಹಳೆ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಕಾಗದದ ಸುರುಳಿಯನ್ನು ಮೇಜಿನ ಮೇಲಿಟ್ಟಳು.

“ನಮ್ಮವ್ರು ಮಾಡಿದ ಕೆಲಸ ನೋಡ್ರಿ ಅಕ್ಕೋರ. ಕಲ್ಲ ಕಳಸಾಕ ಬರಂಗಿಲ್ಲ, ಅದಕ್ಕ ಅದರ ಮಾರಿ ಕಳಿಸ್ಯಾರ.”

ಕಡಿದ ಕಲ್ಲಿನ ಮೇಲೆ ತೆಳುವಾದ ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿದ್ದ. ಕಲ್ಲು ಕಪ್ಪಾಗಿ, ಅಕ್ಷರ ಬೆಳ್ಳಗೆ ಮೂಡಿದ್ದವು. ಎಲ್ಲ ಇಂಗ್ಲಿಷಿನ ದೊಡ್ಡಕ್ಷರ. ಜೊತೆಗಿದ್ದ ಕಾಗದವನ್ನು ಮೊದಲು ಓದಿ ಹೇಳಿದೆ. ಗುಡ್ಡದ ಮೇಲೆ ಹಿಮ ಜಾರಿ ತೀರಿಕೊಂಡವರ ಹೆಸರಿನ ಕಲ್ಲು ಅದು. “ಕಚೇರಿಯ ಬಾಬು ಬಣ್ಣದಲ್ಲಿ ಬರೆದು ಕೊಡುತ್ತಾನೆ, ನಾನು ಗೆರೆ ಹಿಡಿದು ಕಡಿಯುತ್ತೇನೆ. ನನಗೆ ಇಂಗ್ಲಿಷು ಬರುವುದಿಲ್ಲ. ಹನ್ನೊಂದು ಹೆಸರು ಕಡಿದೆ. ಹತ್ತು ಸರಳ ಆದವು. ಕಡೆಯ ಹೆಸರಿಗೆ ಉಳಿ ಮೂರು ಸಲ ಜಾರಿತು. ನನ್ನ ಕೈ ಹಿಂಗ ಎಂದೂ ಮಾಡಿಲ್ಲ.”

ನಾನು ಕಣ್ಣನ್ನು ಕಡೆಯ ಸಾಲಿಗೆ ಇಳಿಸಿದೆ. ಬೀರಪ್ಪ ಪೂಜಾರಿ ಎಂದಿತ್ತು.

ಗೋಡೆಯ ಗಡಿಯಾರದ ಸಪ್ಪಳ ನನಗೆ ಆಗ ಕೇಳಿಸಿತು. ಎಷ್ಟೋ ವರ್ಷ ಅದರ ಕೆಳಗೇ ಕೂತವಳು, ಅದಕ್ಕೆ ಸಪ್ಪಳವಿದೆ ಎಂದು ಗೊತ್ತೇ ಇರಲಿಲ್ಲ.

“ಅಕ್ಕೋರ,” ಶಾಂತವ್ವ ಬಗ್ಗಿ ಬೆರಳು ತೋರಿಸಿದಳು, “ಇದರಾಗ ನಮ್ಮವ್ರ ಹೆಸರ ಎಲ್ಲೈತ್ರಿ? ನಮ್ಮೂರಾಗ ಗುಡಿ ಕಟ್ಟಿದವ್ರ ಹೆಸರ ಗೋಡಿ ಮ್ಯಾಲ ಕಡದಾರ. ನಮ್ಮವ್ರದೂ ಕೆಳಗ ಹಾಕಿರಬೇಕಲ್ರಿ?”

ಅವಳ ಬೆರಳು ಆ ಹೆಸರಿನ ಮೇಲೆಯೇ ಇತ್ತು.

“ಲಕೋಟಿ ಕೊಡು,” ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. ಲಕೋಟೆಯ ಹಿಂದೆ ಅವಳ ಗಂಡನ ನಂಬರಿತ್ತು. ಕಲ್ಲಿನ ಮೇಲೆ ಹೆಸರಿನ ಪಕ್ಕದಲ್ಲಿದ್ದ ನಂಬರು ಅದಲ್ಲ. ಅಲ್ಲವೇ ಅಲ್ಲ. ಒಂದು ಉಸಿರು ಬಿಟ್ಟೆ; ಎರಡನೆಯ ಉಸಿರು ಬರಲಿಲ್ಲ. ಕಲ್ಲಿನ ಮೇಲಿನ ಕೊನೆಯ ಎರಡು ಅಂಕಿ ಒಂಬತ್ತು, ನಾಲ್ಕು.

“ಇಲ್ಲ ತಂಗಿ,” ಎಂದೆ. “ಇದರಾಗ ನಿನ್ನ ಗಂಡನ ಹೆಸರು ಇಲ್ಲ. ಆದರ ಅವನ ಕೈ ಭಾಳ ಛಲೋ ಐತಿ. ಈ ಕಾಗದ ನಾಲ್ಕು ದಿನ ನನ್ನ ಕಡೆ ಇರಲಿ, ಸಾಹೇಬರಿಗೆ ತೋರಿಸ್ತೇನಿ.”

“ತೋರಸ್ರಿ, ತೋರಸ್ರಿ,” ಎಂದು ಹಿಗ್ಗಿ ಹೋದಳು.

ಸುಬೇದಾರ್ ಸಾಹೇಬರು ಕಾಗದವನ್ನು ಬಹಳ ಹೊತ್ತು ನೋಡಿದರು. ಬೀರುವಿನಿಂದ ಯಮನವ್ವನ ಕಡತ ತೆಗೆದು, ನಾನು ತುಂಬಿದ ವಿಳಾಸದ ಅರ್ಜಿಯ ನಕಲನ್ನು ಮುಂದಿಟ್ಟರು. ಮೂರು ಸಾಲು, ಒಂದೇ ಅಳತೆಯ ಅಂಚು, ಬಾಗಿದ ಚಂದದ ಅಕ್ಷರ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ. ಯಮನವ್ವನ ಹೆಸರು, ಶಿರೂರು, ಬಿಜಾಪುರ ಜಿಲ್ಲೆ. ಆಗ ನಾವೆಲ್ಲ ಬಿಜಾಪುರ ಜಿಲ್ಲೆಗೇ ಸೇರಿದ್ದೆವು. ಅಂಚೆ, ತಾಲೂಕು ಬರೆದಿರಲಿಲ್ಲ. ಅವನ್ನು ಬರೆದರೆ ಅಕ್ಷರ ಚೌಕದ ಹೊರಗೆ ಹೋಗಿ ಗಲೀಜು ಕಾಣುತ್ತದೆಂದು ಬಿಟ್ಟಿದ್ದೆ. ಬರೆದ ದಿನ ಅದನ್ನು ದೂರ ಹಿಡಿದು, ತಲೆ ಓರೆ ಮಾಡಿ ನೋಡಿ ಮೆಚ್ಚಿಕೊಂಡದ್ದೂ ನೆನಪಿದೆ.

“ಶಿರೂರ ಎಷ್ಟ ಅದಾವ ಗೊತ್ತೇನ್ರಿ ಬಾಯಾರ?” ಎಂದರು ಸಾಹೇಬರು. ಕಿವಿಯಿಂದ ಕೆಂಪು ಪೆನ್ಸಿಲ್ ತೆಗೆದರು. ಆದರೆ ಗೆರೆ ಎಳೆಯಲಿಲ್ಲ. ಅದನ್ನು ಮೇಜಿನ ಮೇಲಿಟ್ಟರು. ಗೆರೆ ಎಳೆದಿದ್ದರೆ ನನಗೆ ಹಗುರಾಗುತ್ತಿತ್ತು.

ಖಾತ್ರಿಯಾಗದೆ ಹೋಗಬಾರದೆಂದು ಅವರು ಪಲ್ಟನ್ನಿಗೆ ತಂತಿ ಕಳಿಸಿದರು. ನಾಲ್ಕನೆಯ ದಿನ ಉತ್ತರ ಬಂತು. ಶಿವರಾತ್ರಿಯಾದ ಐದನೆಯ ದಿನ ಹಿಮ ಜಾರಿತ್ತು. ಬೀರಪ್ಪನ ಹೇಸರಗತ್ತೆಯೂ ಅವನ ಜೊತೆಗೇ ಹೋಗಿತ್ತು. ಆಗಲೇ ಕಳಿಸಿದ ಸಾವಿನ ತಂತಿ ಬೇರೆ ಯಾವುದೋ ಶಿರೂರಿಗೆ ಹೋಗಿ, ಅಲ್ಲಿ ಅಂಥವರು ಯಾರೂ ಇಲ್ಲವೆಂದು ಎಲ್ಲೋ ಉಳಿದಿತ್ತು. ಅತ್ತ ಪಲ್ಟನ್ನಿನವರು ಸುದ್ದಿ ಮುಟ್ಟಿದೆ ಎಂದುಕೊಂಡಿದ್ದರು, ಇತ್ತ ನಾನು ಮೂರು ಕಾಗದ ಬರೆದಿದ್ದೆ.

ಮರುದಿನ ಬೆಳಿಗ್ಗೆ ನಾನು ಕಚೇರಿಗೆ ಬಂದಾಗ ಸಾಹೇಬರು ಬೆಂಚಿನ ಮೇಲೆ ಕೂತು ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದರು. ಸಾವಿನ ಸುದ್ದಿ ಒಯ್ಯುವ ದಿನ ಮಾತ್ರ ಅವರು ಹಾಗೆ ಮಾಡುವುದು. ಬೆಂಚಿನ ಹೆಂಗಸರೆಲ್ಲ ಅದನ್ನು ಬಲ್ಲರು, ಓಣಿಯ ಚಹದಂಗಡಿಯವನೂ ಬಲ್ಲ. ಆ ದಿನ ಅವನು ಚಹ ಇಟ್ಟು, ಮಾತಾಡಿಸದೆ ಹೋಗುತ್ತಿದ್ದ. ಅವರಿಗೆ ಇನ್ನೊಂದು ನೇಮವಿತ್ತು. ಸುದ್ದಿ ಹೇಳಿದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅದಕ್ಕೆ ಅವರು ಮನೆಯವರು ಉಂಡು ಕೈ ತೊಳೆಯುವವರೆಗೆ ಹೇಳುತ್ತಿರಲಿಲ್ಲ. ಊರು, ಮಳೆ, ದನಕರ ಎಂದು ಮಾತಾಡುತ್ತ ಕಾಯುತ್ತಿದ್ದರು.

“ಇವತ್ತ ನಾ ಹೇಳ್ತೇನಿ,” ಎಂದೆ.

“ಹೇಳ್ರಿ. ಆದರ ಉಂಡ ಮ್ಯಾಲ.”

ಶಿರೂರಿನ ಬಸ್ಸಿಳಿದಾಗ ಹನ್ನೊಂದು ದಾಟಿತ್ತು. ಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು. ಯಮನವ್ವ ಕಂಬಳಿ ಹೊದ್ದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಂಥ ಬೆಂಕಿಯ ಮುಂದೆ ಅವಳ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ನಮ್ಮನ್ನು ನೋಡಿದಳು. ಅವಳ ಕಣ್ಣು ಸಾಹೇಬರ ಬೂಟಿನ ಮೇಲೆ ಒಂದು ಗಳಿಗೆ ನಿಂತಿತು.

“ಬರ್ರಿ ಅಕ್ಕೋರ, ಬರ್ರಿ ಸಾಹೇಬ್ರ. ಕುಂದರ್ರಿ. ಉಂಡ ಹೋಗಬೇಕ ನೋಡ್ರಿ.”

ಸಾಹೇಬರು ಮಳೆಯ ಮಾತು ತೆಗೆದರು. ಯಮನವ್ವನ ತಮ್ಮ ಎತ್ತಿನ ಮಾತು ಹೇಳಿದ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಂದವು. ನಾನು ರೊಟ್ಟಿಯ ಅಂಚು ಮುರಿಯುತ್ತಾ ಕೂತೆ. ಯಮನವ್ವ ಎಲ್ಲರಿಗೂ ಬಡಿಸಿ, ಕಡೆಗೆ ತಾನೂ ತಾಟು ಹಾಕಿಕೊಂಡು ಕೂತಳು. ಒಂದು ರೊಟ್ಟಿಯನ್ನು ಒಂದು ಚೂರೂ ಬಿಡದೆ ನಿಧಾನ ಅಗಿದು ತಿಂದಳು. ನೀರು ಕುಡಿದಳು. ತಾಟಿನಲ್ಲೇ ಕೈ ತೊಳೆದಳು. ಒಲೆಯ ಕಟ್ಟಿಗೆ ಹೊರಗೆಳೆದು ನೀರು ಚಿಮುಕಿಸಿದಳು. ಚುಂಯ್ ಎಂದು ಬೆಂಕಿ ಆರಿತು. ಆಮೇಲೆ ನನ್ನ ಎದುರಿಗೆ ಬಂದು ಕೂತಳು.

“ನಾ ಉಂಡೇನಿ ಅಕ್ಕೋರ. ಈಗ ಹೇಳ್ರಿ.”

ಹೇಳಿದೆ. ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿ ಕಡೆಯ ಸಾಲು ತೋರಿಸಿದೆ. ಅವಳು ಅಳಲಿಲ್ಲ. ತಮ್ಮ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದ. ಅವಳು ದೇವರ ಗೂಡಿನಿಂದ ಬೀರಪ್ಪನ ಭಂಡಾರ ತಂದು, ಹೆಬ್ಬೆರಳಿನಿಂದ ಆ ಹೆಸರಿಗೆ ಹಚ್ಚಿದಳು. ಕಪ್ಪಿನ ಮೇಲೆ ಅರಿಷಿಣದ ಒಂದು ಗೆರೆ. ಇದ್ದಿಲು ಅವಳ ಬೆರಳಿಗೆ ಹತ್ತಿತು. ಆ ಬೆರಳನ್ನು ನೋಡಿಕೊಂಡಳು, ಒರೆಸಿಕೊಳ್ಳಲಿಲ್ಲ.

ಆಮೇಲೆ ನಾನು ಉಳಿದದ್ದನ್ನೂ ಹೇಳಿದೆ. ವಿಳಾಸ ನಾನು ಬರೆದದ್ದು, ಅಂಚೆ, ತಾಲೂಕು ಬಿಟ್ಟದ್ದು, ಅದಕ್ಕೇ ತಂತಿ ಬರದೆ ಹೋದದ್ದು. ಚಂದ ಕಾಣಲಿ ಎಂದು ಬಿಟ್ಟೆನೆಂಬುದನ್ನೂ ಹೇಳಿದೆ.

ಯಮನವ್ವ ಸುರುಳಿಯನ್ನು ಸುತ್ತಿ ನನ್ನ ಕೈಗೆ ಕೊಟ್ಟಳು. “ಮೂರ ತಿಂಗಳ ಅಂವ ನನಗ ಇದ್ದ,” ಎಂದಳು. “ಅದನ್ನ ನೀವು ಕೊಟ್ಟೀರಿ ಅಂತ ತಿಳ್ಕೊಳ್ಳಲೋ, ಕಸಗೊಂಡೀರಿ ಅಂತ ತಿಳ್ಕೊಳ್ಳಲೋ?”

ನಾನು ಸುರುಳಿಯನ್ನು ಮತ್ತೆ ಸೀರೆಯ ತುಂಡಿನಲ್ಲಿ ಕಟ್ಟಿದೆ.

ಹೊರಡಲು ಎದ್ದಾಗ ಅವಳು ಕಂಬಳಿಯನ್ನು ಮೈಮೇಲಿಂದ ತೆಗೆದು ಮಡಚಿ ಪಕ್ಕಕ್ಕಿಟ್ಟಳು. ಹಣೆಯ ಮೇಲೆ, ಕುತ್ತಿಗೆಯ ಮೇಲೆ ಸಣ್ಣಗೆ ಬೆವರು ಒಡೆಯುತ್ತಿತ್ತು. “ಥಂಡಿ ಹೋತು ನೋಡ್ರಿ,” ಎಂದು ಸಾಹೇಬರಿಗೆ ಹೇಳಿದಳು, ಯಾರೋ ಮನೆಯಿಂದ ಎದ್ದು ಹೋದರೆಂದು ಹೇಳುವ ಹಾಗೆ. ಬಾಗಿಲ ಹೊರಗೆ ಸಾಹೇಬರು ಕರವಸ್ತ್ರದಿಂದ ಮೀಸೆ ಒರೆಸಿಕೊಂಡರು.

ಶಾಂತವ್ವನಿಗೆ ಕಾಗದ ತಿರುಗಿ ಕೊಡುವಾಗ ನಿಜ ಹೇಳಬೇಕಾಯಿತು. ಕಡೆಯ ಹೆಸರು ಯಾವುದೆಂದು ತಿಳಿದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. “ನಮ್ಮವ್ರು ಜೀವಂತ ಇದ್ದಾಗ ಅವರ ಕೈಲೇ…” ಎಂದವಳು ಮಾತು ಮುಗಿಸದೆ ಕಾಗದವನ್ನು ನನ್ನ ಕಡೆ ತಳ್ಳಿದಳು. “ಇದು ನಮ್ಮ ಮನ್ಯಾಗ ಬ್ಯಾಡ್ರಿ ಅಕ್ಕೋರ. ಆ ತಾಯೀಗೆ ಕೊಟ್ಟಬಿಡ್ರಿ.” ಅವಳ ಗಂಡನಿಗೂ ಸುದ್ದಿ ಮುಟ್ಟಿತು. ಅವನು ಮತ್ತೆ ಹೆಸರು ಕಡಿಯಲಿಲ್ಲ; ಬೇಡಿಕೊಂಡು ಗೋಡೆ ಕಟ್ಟುವ ಕೆಲಸಕ್ಕೆ ಹೋದ. ನಿವೃತ್ತನಾಗಿ ಊರಿಗೆ ಬಂದು ಬಹಳ ವರ್ಷ ಚೆನ್ನಾಗಿ ಬಾಳಿದ. ಯಮನವ್ವ ಇರುವವರೆಗೆ ವರ್ಷಕ್ಕೊಮ್ಮೆ ಶಿರೂರಿಗೆ ಹೋಗಿ ಉಂಡು ಬರುತ್ತಿದ್ದ ಎಂದು ಕೇಳಿದೆ.

ಆಮೇಲೆ ನಾನು ವಿಳಾಸ ಬರೆಯುವ ರೀತಿಯೇ ಬದಲಾಯಿತು. ತಂದೆಯ ಹೆಸರು, ಗಂಡನ ಹೆಸರು, ಓಣಿ, ಹತ್ತಿರದ ಗುಡಿ, ಅಂಚೆ, ತಾಲೂಕು, ಜಿಲ್ಲೆ. ಚೌಕ ದಾಟಿ, ಅಂಚು ದಾಟಿ, ಕಾಗದದ ಬೆನ್ನಿಗೂ ಹೋಗುತ್ತಿತ್ತು. ಮೇಲಿನ ಕಚೇರಿಯಿಂದ ಬಂದ ಒಬ್ಬ ಅಧಿಕಾರಿ, “ಏನ್ರಿ ಇದು, ಕೋಳಿ ಕೆದರಿದ್ಹಂಗ” ಎಂದು ನಕ್ಕರು. ಸುಬೇದಾರ್ ಸಾಹೇಬರು, “ಕೆದರ್ಲಿ ಬಿಡ್ರಿ ಸಾಹೇಬ್ರ, ಮನಿ ಸಿಗಬೇಕು” ಎಂದರು. ಹೊಸದಾಗಿ ಬರುವವರಿಗೆ ನಾನು ಹೇಳುವ ಪಾಠ ಇಷ್ಟೇ. ನಿಮ್ಮ ಅಕ್ಷರ ಕೆಡಲಿ.

ಇನ್ನೊಂದು ಸಂಗತಿ ಉಳಿದಿದೆ. ಅದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ತೂಗಿದೆ.

ಶ್ರಾವಣದಲ್ಲಿ ಯಮನವ್ವನ ಮೂರು ಕಾಗದಗಳೂ ಕಚೇರಿಗೆ ತಿರುಗಿ ಬಂದವು. ಲಕೋಟೆ ಯಾರೂ ಒಡೆದಿರಲಿಲ್ಲ. ನನ್ನ ಅಂಟು ಹಾಗೇ ಇತ್ತು. ಆದರೆ ಮೂರಕ್ಕೂ ಒಂದೊಂದು ಮೂಲೆ ಇರಲಿಲ್ಲ. ಅರ್ಧ ಚಂದ್ರದ ಹಾಗೆ ಕಚ್ಚಿದ ಗುರುತು, ಒದ್ದೆಯಾಗಿ ಒಣಗಿದ ಅಂಚು, ಅಂಚಿಗೆ ಹಸಿರು ಕಲೆ. ಅಂಚೆ ಚೀಲದಲ್ಲಿ ಇಲಿಗಳಿರುತ್ತವೆ. ಅದು ನನಗೂ ಗೊತ್ತು. ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕ ತೆಗೆದು, “ಆಕೀ ಕಾಗದ. ಆಕೀಗೆ ಕೊಡ್ರಿ,” ಎಂದಷ್ಟೇ ಹೇಳಿದರು.

ಶಿರೂರಿಗೆ ಒಬ್ಬಳೇ ಹೋದೆ. ಯಮನವ್ವ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು, ಬರೀ ಸೀರೆ, ಕಂಬಳಿ ಇಲ್ಲ. ಮೂರೂ ಲಕೋಟೆಗಳನ್ನು ಅವಳ ಮಡಿಲಲ್ಲಿಟ್ಟೆ. ಮೂಲೆ ಇಲ್ಲದ್ದನ್ನು ನೋಡಿದರೆ ಮತ್ತೆ ಕುಸಿದಾಳೆಂದು ಹತ್ತಿರವೇ ನಿಂತೆ. ಅವಳು ಒಂದೊಂದನ್ನೇ ಎತ್ತಿ ಕಚ್ಚಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಮೂರನೆಯದನ್ನು ಮೂಸಿಯೂ ನೋಡಿದಳು. ಆಮೇಲೆ ಅಂಗಳದಲ್ಲಿ ಕುರಿಮರಿ ಕಟ್ಟಿದ್ದ ಗೂಟದ ಕಡೆ ನೋಡುತ್ತ, ಮನೆಯ ಮಾತು ಆಡುವಷ್ಟು ಸಹಜವಾಗಿ ಹೇಳಿದಳು:

“ಹಸಿವಿ ಆಗಿರಬೇಕ್ರಿ ಅದಕ್ಕ. ಅಷ್ಟ ಎತ್ತರದಾಗ ಹುಲ್ಲ ಎಲ್ಲಿ ಸಿಗತೈತ್ರಿ?”